ಲಿಯಾಂಡರನ ತಾರಸ್ವರ

ಟ್ರಂಪೆಟ್ ತುಟಿಗೇರಿತು. ಕೆನ್ನೆ ಉಬ್ಬಿತು, ಕಣ್ಣು ಮುಚ್ಚಿತು, ಹಣೆಯಲ್ಲಿ ಬೆವರೂ ಒಡೆಯಿತು. ಲಿಯಾಂಡರ್ ಪ್ರೂಯಿಟ್ ಮಾಡದೇ ಬಿಟ್ಟದ್ದು ಒಂದೇ ಕೆಲಸ: ಊದಲಿಲ್ಲ.

ಆದರೂ ತಾರಸ್ವರ ಮೊಳಗಿತು. ಹಾರ್ಲೆಮ್‌ನ ಆ ನೃತ್ಯಶಾಲೆಯ ಸೂರು ಹಾರಿಹೋಗುವಂತೆ ಜನ ಕೂಗಿದರು. ಪಕ್ಕದ ಮೈಕಿನ ಬಳಿ ಗಾಯಕಿ ಒಡೆಸ್ಸಾ ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ಅಷ್ಟು ಸೆಖೆ.

ನ್ಯೂ ಆರ್ಲಿಯನ್ಸ್‌ನ ಶವಯಾತ್ರೆಗಳಲ್ಲಿ ಊದುತ್ತ ಬೆಳೆದವನು ಲಿಯಾಂಡರ್. ಆಮೇಲೆ ನದಿಯ ಹಡಗು, ಷಿಕಾಗೋದ ಕಳ್ಳ ಹೆಂಡದಂಗಡಿ, ಈಗ ಡೂಲಿಯ ಸ್ವಿಂಗ್ ಸಂಗೀತ ತಂಡದಲ್ಲಿ ಮೊದಲ ಟ್ರಂಪೆಟ್‌ಗಾರನ ಕುರ್ಚಿ. ಹಾಡಿನ ಕೊನೆಗೆ ಅವನು ಎತ್ತುತ್ತಿದ್ದ ಆ ಒಂದು ಸ್ವರವೇ ಅವನಿಗೆ ಹೆಸರು ತಂದದ್ದು. ಕಳೆದ ಚಳಿಗಾಲ ತಂಡದ ಬಸ್ಸು ಹಳ್ಳಕ್ಕಿಳಿದಾಗ ಮುಂದಿನ ಹಲ್ಲುಗಳು ಹೋದವು. ಕಟ್ಟಿಸಿಕೊಂಡ ಹಲ್ಲು ಕೆಳಗಿನ ಸ್ವರಗಳಿಗೆ ಒಪ್ಪಿತು. ಮೇಲಕ್ಕೇರಿದರೆ ಸಡಿಲಾಗಿ ಟ್ರಂಪೆಟ್ಟಿನೊಳಕ್ಕೇ ಹೊರಡುತ್ತಿತ್ತು.

ಡೂಲಿಗೆ ಗೊತ್ತಾದರೆ ಕುರ್ಚಿ ಹೋದಂತೆಯೇ. ಆ ಒಂದು ಸ್ವರವನ್ನು ಗುಟ್ಟಾಗಿ ಊದಿಕೊಡೆಂದು ಲಿಯಾಂಡರ್, ಹಿಂದೆ ಕೂರುವ ಎರಡನೇ ಟ್ರಂಪೆಟ್‌ಗಾರ ವರ್ಜಿಲ್‌ನ ಕೈಕಾಲು ಹಿಡಿದ.

"ಊದೋದು ನಾನು, ಚಪ್ಪಾಳೆ ನಿಂಗೆ. ನಂಗೇನು ಲಾಭ?" ಎಂದ ವರ್ಜಿಲ್.

"ಏನು ಬೇಕಾದ್ರೂ ಕೇಳು ಮಾರಾಯ."

ಅಂದಿನಿಂದ ಬಸ್ಸಿನ ಕಿಟಕಿ ಸೀಟು ವರ್ಜಿಲ್‌ಗೆ. ಊಟದಲ್ಲಿ ಕೋಳಿಕಾಲು ವರ್ಜಿಲ್‌ಗೆ. ಅವನ ಅಂಗಿಗೆ ಇಸ್ತ್ರಿ ಹಾಕುವ ಭಾಗ್ಯ ಮಾತ್ರ ಲಿಯಾಂಡರನದು.

ಒಂದು ಭಾನುವಾರ ಮಧ್ಯಾಹ್ನ ವರ್ಜಿಲ್ ಬರಲೇ ಇಲ್ಲ. ಅಂದೇ ಎದುರು ವೇದಿಕೆಯಲ್ಲಿ ಪೈಪೋಟಿಗೆ ಇನ್ನೊಂದು ತಂಡ. ಲಿಯಾಂಡರ್ ಡೂಲಿಯ ಬಳಿಗೆ ಓಡಿದ.

"ಯಜಮಾನ್ರೇ, ಇವತ್ತು ಆ ಸ್ವರ ಬಿಟ್ಬಿಡೋಣ."

"ಬಿಡೋದಾ? ಜನ ಬಂದಿರೋದೇ ಅದಕ್ಕೆ ಕಣಯ್ಯ!" ಡೂಲಿ ಹಲ್ಲು ಕಡಿದ. "ನೀನು ಎತ್ತದಿದ್ರೆ ನಾಳೆ ಆ ಕುರ್ಚೀಲಿ ಬೇರೆಯವನು."

ಹಾಡು ಕೊನೆಗೆ ಬಂತು. ಸತ್ತ ತಾಯಿಯನ್ನು ನೆನೆದು ಲಿಯಾಂಡರ್ ಕೆನ್ನೆ ಉಬ್ಬಿಸಿದ. ಒಡೆಸ್ಸಾಳ ಬೀಸಣಿಗೆ ಮೇಲೇರಿತು.

ಸ್ವರ ಬಂತು. ಬಂದದ್ದು ನಿಲ್ಲಲೂ ಇಲ್ಲ. ಎದುರು ತಂಡದ ಟ್ರಂಪೆಟ್‌ಗಾರ ಟೋಪಿ ತೆಗೆದ. ಲಿಯಾಂಡರನೇ ಬೆಚ್ಚಿ ಒಂದು ಕಣ್ಣು ತೆರೆದು ಹಿಂದೆ ನೋಡಿದ. ವರ್ಜಿಲ್‌ನ ಕುರ್ಚಿ ಖಾಲಿ.

ಕಾರ್ಯಕ್ರಮ ಮುಗಿದದ್ದೇ ತಡ, ವರ್ಜಿಲ್‌ನ ಬಾಡಿಗೆ ಕೋಣೆಗೆ ಓಡಿದ. ಅವನು ಕಂಬಳಿ ಹೊದ್ದು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಸೀನುತ್ತಿದ್ದ.

"ಎಲ್ಲಿ ಅಡಗಿ ನಿಂತು ಊದಿದ್ಯೋ?"

"ನಾನಾ? ಬೆಳಗ್ಗಿಂದ ಜ್ವರ. ಕೋಣೆ ಬಿಟ್ಟೇ ಇಲ್ಲ."

"ಮತ್ತೆ ಊದಿದ್ದು ಯಾರು?"

ವರ್ಜಿಲ್ ಗೋಡೆ ನೋಡಿದ, ಬಕೆಟ್ ನೋಡಿದ. "ಬೈಬೇಡ. ಆ ಸ್ವರ ನಂಗೆ ಯಾವತ್ತೂ ಹತ್ತಿಲ್ಲ. ಮೊದಲ ದಿನ ಬರೀ ಗಾಳಿ ಬಂತು. ಆದ್ರೂ ಸ್ವರ ಕೇಳಿಸ್ತು. ನೀನೇ ಊದ್ತಿದ್ದೀಯ, ಧೈರ್ಯಕ್ಕೆ ಮಾತ್ರ ನಾನು ಬೇಕು ಅಂದ್ಕೊಂಡೆ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಕೋಳಿಕಾಲು ಚೆನ್ನಾಗಿತ್ತು ಕಣೋ."

ಮರುದಿನ ಅಭ್ಯಾಸಕ್ಕೆ ಹೋದಾಗ ಒಡೆಸ್ಸಾ ಕುತ್ತಿಗೆಗೆ ಬಿಸಿ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಲಿಯಾಂಡರನನ್ನು ಹತ್ತಿರ ಕರೆದು ಪಿಸುಗುಟ್ಟಿದಳು:

"ಗಂಟಲು ಕಟ್ಟಿದೆ ಕಣೋ. ಇವತ್ತೊಂದಿನ ಆ ಸ್ವರ ನಿಮ್ಮಲ್ಲೇ ಯಾರಾದ್ರೂ ಊದ್ಕೊಳ್ಳಿ."