ಒಳಗೆ ಜಡ್ಜ್ ಇರುವುದಿಲ್ಲ

“ಅವ್ವಾ, ಒಳಗ ಜಡ್ಜ್ ಇರೂದಿಲ್ಲ, ಅಂಜಬ್ಯಾಡ. ಎಡಕ್ಕ ಒಂದು ಕುರ್ಚಿ ಐತಿ. ಮೈಕು ಸ್ವಲ್ಪ ಕೆಳಗ ಎಳ್ಕೊ, ಇಲ್ಲಂದ್ರ ಹಿಂದಿನ ಸಾಲಿನವ್ರಿಗೆ ಕೇಳ್ಸೂದಿಲ್ಲ.”

ಅಮೆರಿಕದ ಸ್ಯಾನ್ ಹೋಸೆ ಕೋರ್ಟಿನ ಕಾರಿಡಾರಿನಲ್ಲಿ ಅಜಯ ತಾಯಿಯ ಶಾಲು ಸರಿಮಾಡಿದ. ಅಂಬವ್ವ ಅವನ ಕೆನ್ನೆ ಸವರಿದಳು. ಜೈಲಿಗೆ ಹೋಗಬೇಕಾದ ಮಗ ತನಗೇ ಧೈರ್ಯ ಹೇಳುತ್ತಿದ್ದಾನಲ್ಲ!

ಆದದ್ದಿಷ್ಟು. ತನ್ನ ಮಗುವನ್ನು ನೋಡಿಕೊಳ್ಳಲೆಂದು ಗದಗಿನಿಂದ ಕಮಲವ್ವ ಎಂಬ ಕೆಲಸದವಳನ್ನು ಹತ್ತಿರದ ಕ್ಯಾಂಪ್‌ಬೆಲ್ಲಿನ ಮನೆಗೆ ಕರೆಸಿಕೊಂಡ ಅಜಯ, ಅವಳ ಪಾಸ್‌ಪೋರ್ಟು ಕಿತ್ತಿಟ್ಟುಕೊಂಡ. ಹೊಸ್ತಿಲು ದಾಟಲು ಬಿಡಲಿಲ್ಲ. “ಬ್ಯಾಡೋ ತಮ್ಮಾ, ಪಾಪ ಸುತ್ಕೊಂತೈತಿ” ಎಂದು ಅಂಬವ್ವ ಬಾಯಿ ಬಡಿದುಕೊಂಡಳು. ಕೇಳುವವರಾರು? ವಿಚಿತ್ರವೆಂದರೆ, ಇಷ್ಟು ಅಕ್ಕರೆಯ ಮುದುಕಿಯನ್ನು ಕಂಡರೇ ಕಮಲವ್ವ ನಡುಗುತ್ತಿದ್ದಳು. ಒಂದು ದಿನ ಪಕ್ಕದ ಮನೆಗೆ ಓಡಿದಳು, ಪೊಲೀಸರು ಬಂದರು. ಈಗ ಗ್ರ್ಯಾಂಡ್ ಜ್ಯೂರಿ. ಯಾರ ಮೇಲೆ ಕೇಸು ಹಾಕಬೇಕೆಂದು ಊರಿನ ಸಾಮಾನ್ಯ ಜನ ಗುಟ್ಟಾಗಿ ಕೂತು ತೀರ್ಮಾನಿಸುವ ಕೋಣೆ.

ಅಂಬವ್ವನ ವಕೀಲ ವೈಕುಂಠ ಬಾಗಿಲಲ್ಲೇ ನಿಂತ. “ಸಾಕ್ಷಿಗಳನ್ನ ಬಿಟ್ಟು ಹೊರಗಿನವರು ಯಾರೂ ಒಳಗೆ ಕಾಲಿಡೋ ಹಾಗಿಲ್ಲಮ್ಮ, ನಾನೂ ಅಷ್ಟೇ. ಅಲ್ಲಿ ಪ್ರಾಸಿಕ್ಯೂಟರ್, ಅಂದ್ರೆ ಸರ್ಕಾರಿ ವಕೀಲರದ್ದೇ ರಾಜ್ಯ. ಏನು ಕೇಳಿದ್ರೂ ‘ಉತ್ತರ ಕೊಡಲ್ಲ’ ಅನ್ನಿ.”

ಅಂಬವ್ವ ಗೋಣು ಹಾಕಿದಳು. ಮನಸ್ಸಿನಲ್ಲಿ ಬೇರೆಯೇ ಇತ್ತು. ಜಡ್ಜ್ ಇಲ್ಲ, ಊರವರು ಕೂತಿದ್ದಾರೆ ಅಂದರೆ ಪಂಚಾಯ್ತಿಯೇ ತಾನೆ! ಅವಳು ಕಂಡ ಪಂಚಾಯ್ತಿಗಳಲ್ಲಿ ಮನೆಯ ಹಿರಿಯಳು ಸೆರಗೊಡ್ಡಿ ತಪ್ಪೊಪ್ಪಿಕೊಂಡರೆ ಮುಗಿಯಿತು. ಪಂಚರು ನಾಲ್ಕು ಮಾತು ಬೈದು ಮನೆಗೆ ಕಳಿಸುತ್ತಿದ್ದರು.

ಒಳಗೆ ಪ್ರಾಸಿಕ್ಯೂಟರ್ ಮಾರ್ಗರೆಟ್ ಹೋಲ್ಟ್ ನಗುತ್ತ ನೀರು ಕೊಟ್ಟಳು. ಉತ್ತರ ಹೇಳದಿರುವ ಹಕ್ಕಿದೆ ಎಂದೂ ದುಭಾಷಿಯ ಬಾಯಲ್ಲಿ ತಿಳಿಸಿದಳು. ಎಂಥ ಒಳ್ಳೆಯ ಹೆಂಗಸು!

“ಪಾಸ್‌ಪೋರ್ಟು ಯಾರು ಕಿತ್ತುಕೊಂಡರು?”

“ನಾನ. ಹೊರಗ ಬಿಡಬ್ಯಾಡ ಅಂದಾಕಿನೂ ನಾನ. ನನ್ನ ಮಗ ನನ್ನ ಮಾತು ಮೀರೂದಿಲ್ರಿ, ಪಾಪ ಅವಂಗೇನೂ ತಿಳೀದು.” ಅಂಬವ್ವ ಸೆರಗೊಡ್ಡಿದಳು. “ತಪ್ಪಾತ್ರಿ. ಹೊಟ್ಟ್ಯಾಗ ಹಾಕ್ಕೋರಿ.”

ಹೋಲ್ಟ್ ಹುಬ್ಬೇರಿಸಲೂ ಇಲ್ಲ. ಜ್ಯೂರಿಯ ಒಬ್ಬಾತ ಮಾತ್ರ ಕೈಯೆತ್ತಿದ. “ಪಾಸ್‌ಪೋರ್ಟು ಎಲ್ಲಿಟ್ಟಿದ್ದಿರಿ?”

ಅಂಬವ್ವ ತಡವರಿಸಿದಳು. ಗೊತ್ತಿದ್ದರಲ್ಲವೇ ಹೇಳುವುದು!

“ಥ್ಯಾಂಕ್ಸ್, ಇಷ್ಟು ಸಾಕು” ಎಂದು ಹೋಲ್ಟ್ ಅವಳನ್ನು ಎಬ್ಬಿಸಿದಳು. ಸಾಕೆನ್ನುವ ಅಧಿಕಾರವೂ ಅಲ್ಲಿ ಅವಳದೇ.

ಕೆಲವು ವಾರ ಕಳೆದು ವೈಕುಂಠ ಅಂಬವ್ವನನ್ನು ತನ್ನ ಆಫೀಸಿಗೆ ಕರೆಸಿದ.

“ಬೈದು ಬಿಡೋ ಜಾಗ ಅಲ್ಲಮ್ಮ ಅದು. ಕೇಸು ನಿಮ್ಮೊಬ್ಬರ ಮೇಲೇ ಹಾಕಿದ್ದಾರೆ. ಜೈಲು ತಪ್ಪಿಸೋದು ಕಷ್ಟ.”

 ಅಂಬವ್ವ ಮೊದಲು ಕೇಳಿದ್ದು ಬೇರೆಯೇ. “ಅಜಯನ ಹೆಸರಿಲ್ಲಲ್ಲ?”

“ಇಲ್ಲ.”

“ಹಂಗಾರ ನನ್ನ ಸುಳ್ಳು ನಂಬಿದ್ರು! ಅಷ್ಟ ಸಾಕಪ್ಪ. ಸಾಯೂ ಮುದುಕಿ, ಎಲ್ಲಿದ್ರೇನು.”

ಕೇಸು ಹಾಕಿದ ಮೇಲೆ ಆರೋಪಿಯ ವಕೀಲನಿಗೆ ಸಿಗುವ, ಜ್ಯೂರಿ ಕೋಣೆಯ ಮಾತುಕತೆಯ ದಾಖಲೆಯನ್ನು ವೈಕುಂಠ ಮೇಜಿನ ಮೇಲಿಟ್ಟ.

“ತನಗೆ ಶಿಕ್ಷೆ ಮಾಡಬಾರದು ಅಂತ ಸರ್ಕಾರದಿಂದ ಮಾತು ತಗೊಂಡು, ನಿಮಗಿಂತ ಮುಂಚೇನೇ ಅಜಯ ಅಲ್ಲಿ ಸಾಕ್ಷಿ ಹೇಳಿ ಬಂದಿದ್ದಾನಮ್ಮ, ಎಲ್ಲಾ ನಮ್ಮ ಅವ್ವಂದೇ ಅಪ್ಪಣೆ ಅಂತ, ಕಮಲವ್ವನಿಗೂ ಮೊದಲ ದಿನದಿಂದ ಅದನ್ನೇ ಹೇಳ್ಕೊಂಡು ಬಂದಿದ್ದನಂತೆ.”