ಬೆಲ್ಲದ ಬಂಡೆ

ಸಂಜೆ ಬಂಡೆಗೆ ಸವರಿದ ಜೋನಿಬೆಲ್ಲ ಬೆಳಗಾಗುವುದರೊಳಗೆ ಖಾಲಿಯಾದರೆ ಗುಡ್ಡ ಕರಡಿಯದು, ಉಳಿದರೆ ಕಲ್ಲುಗಣಿಯವರದು, ಕಾನೂನೇ ಹಾಗೆ. ಕೊನೆಯ ಕರಡಿ ಸತ್ತು ಹನ್ನೊಂದು ವರ್ಷವಾದರೂ ಗುಡ್ಡ ಉಳಿದಿದ್ದು ಕಾವಲುಗಾರ ಹುಲುಗಪ್ಪನ ನಾಲಿಗೆಯಿಂದ. ದಿನಾ ಅವನೇ ಕದ್ದು ನೆಕ್ಕುತ್ತಿದ್ದ.

ನಿನ್ನೆ ಬೆಲ್ಲ ಸವರಿ ಬಂದವನು ಜ್ವರ ಏರಿ ಎಚ್ಚರವಿಲ್ಲದೆ ಮಲಗಿಬಿಟ್ಟ. ಬೆಳಿಗ್ಗೆ ಏದುತ್ತ ಗುಡ್ಡ ಹತ್ತಿದರೆ ಬಂಡೆ ತೊಳೆದಿಟ್ಟಂತಿತ್ತು!

"ಬಂದೈತಿ! ನಮ್ಮ ಕರಡಿ ಬಂದೈತಿ!" ಎಂದು ಅಳುತ್ತ ಬಂಡೆಯ ಹಿಂದಕ್ಕೆ ಓಡಿದ.

ಅಲ್ಲಿ, ಕರಡಿಗಳನ್ನು ಎಣಿಸಲು ಸರ್ಕಾರ ನೇಮಿಸಿದ್ದ ಸಂಶೋಧಕಿ ವಸುಮತಿ ಕೂತಿದ್ದರು. ಅವರ ಗದ್ದಕ್ಕೆಲ್ಲ ಬೆಲ್ಲ ಮೆತ್ತಿತ್ತು.

"ನಿಮಗೆ ಜ್ವರ ಅಂದ್ರು, ಹುಲುಗಪ್ಪ," ಎಂದರು ತಲೆ ಎತ್ತದೆ. ಆಮೇಲೆ ಪುಸ್ತಕ ತೆಗೆದು, 'ಕರಡಿ: ಒಂದು' ಎಂದು ಬರೆದರು.

ಹುಲುಗಪ್ಪ ಅವರ ಪಕ್ಕ ಕುಸಿದು ಕೂತ.

"ಎರಡು ಅದಾವ ಅಂತ ಬರೀರಿ, ಮೇಡಂ."