ಹಾಲು ಒಡೆದದ್ದು

ಬಟ್ಟಲಿಗೆ ಹಾಲು ಬಿದ್ದದ್ದೇ ತಡ, ಚಹಾದ ಮೇಲೆ ಬಿಳಿ ತುಣುಕುಗಳು ತೇಲಿದವು. "ನೋಡಿದ್ಯಾ?" ಎಂದು ಬಿಬಿನಾಜ್ ಬಟ್ಟಲನ್ನು ತಮ್ಮ ಎಸೆನ್‌ಗೆಲ್ದಿಯ ಮೂಗಿನ ಹತ್ತಿರ ಹಿಡಿದಳು. "ಇವಳು ಹೊಸ್ತಿಲು ತುಳಿದಾಗಿಂದ ಈ ಮನೇಲಿ ಹಾಲು ಉಳಿದಿಲ್ಲ. ಪಾತ್ರೆ ಬೂದಿ ಹಾಕಿ ಉಜ್ಜಿಸ್ದೆ, ಪಕ್ಕದ ಮನೆ ಹಸುವಿನ ಹಾಲು ತಂದೆ. ಇನ್ನು ಬದಲಾಯಿಸೋಕೆ ಸೊಸೆ ಒಬ್ಬಳೇ ಬಾಕಿ."

ಸೊಸೆ ಶೋಲ್ಪನ್ ಗಂಟು ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದಳು. ಮದುವೆಯ ತಲೆವಸ್ತ್ರದ ಮಡಿಕೆಯೂ ಮಾಸಿರಲಿಲ್ಲ. ಅವಳನ್ನು ಕಾರಿನಲ್ಲಿ ಚಿಂಬಾಯಿ ಊರಿನ ತವರಿಗೆ ಬಿಟ್ಟು ಬರಲೆಂದೇ ಅಕ್ಕ ತಮ್ಮನನ್ನು ಕರೆಸಿದ್ದು. ಮಗರಾಯ ಅಮ್ಮನ ಬಾಯಿಗೆ ಹೆದರಿ ಕೊಟ್ಟಿಗೆ ಸೇರಿದವನು ಹೊರಗೆ ಬಂದಿರಲಿಲ್ಲ.

ಎಸೆನ್‌ಗೆಲ್ದಿಗೆ ಹುಡುಗಿಯ ಮೇಲೆ ಕನಿಕರವಿತ್ತು, ಆದರೆ ಅಕ್ಕನ ಎದುರು ನಿಲ್ಲುವ ಎದೆಗಾರಿಕೆ ಇರಲಿಲ್ಲ. ಮಾತು ತೇಲಿಸಿದ.

"ನನ್ನ ಹತ್ತಿ ನೋಡಿದ್ಯೇನಕ್ಕಾ? ಊರವರೆಲ್ಲ ಕಾಲುವೆ ನೀರಿನ ಸರದಿಗೆ ಬಾಯಿ ಬಿಟ್ಕೊಂಡು ಕೂತಿದ್ದಾರೆ, ನಂಗೆ ಸರದಿನೇ ಬೇಡ. ಹೊಲದ ಉಪ್ಪು ತೊಳೆದ ನೀರು ಹೋಗುತ್ತಲ್ಲ, ಆ ಬಸಿಗಾಲುವೆಗೆ ಜೊಂಡು, ಮಣ್ಣು ತುಂಬಿ ಒಡ್ಡು ಹಾಕ್ಬಿಟ್ಟೆ. ನೀರು ನೆಲದೊಳಗೇ ನಿಂತು ಬೇರಿಗೆ ಉಣಿಸ್ತಿದೆ."

"ಯಾವಾಗ ಹಾಕಿದ್ದು, ಮಾವ?"

ಕೇಳಿದ್ದು ಶೋಲ್ಪನ್. ಹೊಸ ಸೊಸೆ ಹಿರಿಯರೆದುರು ದನಿ ಎತ್ತುವ ಪದ್ಧತಿ ಅಲ್ಲಿಲ್ಲ. ಆ ಮನೆ ಅವಳ ದನಿ ಕೇಳಿದ್ದೇ ಅದು ಮೊದಲು. ಬಿಬಿನಾಜ್ ಬಿಟ್ಟ ಬಾಯಿ ಮುಚ್ಚಲಿಲ್ಲ.

"ನಿನ್ನ ಮದುವೆ ಊಟದ ಮಾರನೇ ದಿನ," ಎಂದ ಎಸೆನ್‌ಗೆಲ್ದಿ, ಯೋಚಿಸದೆ.

ಅವಳು ಹಾಲು ಹಾಕದ ಚಹಾ ಬಗ್ಗಿಸಿ ಅವನ ಮುಂದಿಟ್ಟಳು. "ಕುಡಿದು ನೋಡಿ."

ಒಂದು ಗುಟುಕು ಕುಡಿದವನ ಮುಖ ಕಿವುಚಿಕೊಂಡಿತು. ಬರೀ ಉಪ್ಪು. ಅಂಥ ನೀರಿಗೆ ಬಿದ್ದ ಹಾಲು ಒಡೆಯದೆ ಉಳಿದೀತೇ? ಅವನ ಮನೆಯಲ್ಲಿ ನಳದ ನೀರು. ಅಕ್ಕನಿಗೆ ಅಂಗಳದ ಕೈಪಂಪೇ ಗತಿ.

"ಉಪ್ಪಾ? ನಮಗೇನೂ ಗೊತ್ತಾಗಲ್ವಲ್ಲ," ಎಂದಳು ಬಿಬಿನಾಜ್. ದಿನಕ್ಕಿಷ್ಟಿಷ್ಟೇ ಏರಿದ ಉಪ್ಪು ನಾಲಿಗೆಗೆ ಹೇಗೆ ತಿಳಿದೀತು?

ಎಸೆನ್‌ಗೆಲ್ದಿ ಕಿಟಕಿಯಾಚೆ ನೋಡಿದ. ಅಂಗಳದ ಮಣ್ಣಿನ ಗೋಡೆಗೆ ಮೊಣಕಾಲೆತ್ತರ ಬಿಳಿ ಉಪ್ಪು ಹತ್ತಿತ್ತು. ಜರ್ದಾಳು ಹಣ್ಣಿನ ಮರದ ಎಳೆ ಎಲೆಗಳ ಅಂಚು ಸುಟ್ಟಿತ್ತು. ಆ ಗೋಡೆಯ ಹಿಂದಿನಿಂದಲೇ ಬಸಿಗಾಲುವೆ ಅವನ ಹೊಲದತ್ತ ಇಳಿಯುವುದು. ಕೆಳಗೆ ಕಟ್ಟಿದ ಉಪ್ಪುನೀರು ಹಿಂದಕ್ಕೆ ಒತ್ತಿ ಈ ಕೈಪಂಪಿನ ತನಕ ಏರಿತ್ತೆಂದು ಯಾರೂ ಹೇಳಬೇಕಿರಲಿಲ್ಲ.

"ಏಳು, ಹೊತ್ತಾಯ್ತು. ಬಿಟ್ಟು ಬಾ ಅವಳನ್ನ."

"ಗುದ್ದಲಿ ಕೊಡಕ್ಕಾ."

"ಗುದ್ದಲಿ ಯಾಕೋ?"

"ನಿನ್ನ ಹಾಲು ಒಡೆಸಿದವನು ನಾನು. ಒಡ್ಡನ್ನೂ ನಾನೇ ಒಡೀತೀನಿ."

ಬಿಬಿನಾಜ್ ಕೂತಲ್ಲಿಂದ ಏಳಲಿಲ್ಲ. ಗುದ್ದಲಿ ತಂದುಕೊಟ್ಟವಳು ಶೋಲ್ಪನ್. ಗಂಟು ಮಾತ್ರ ಇನ್ನೂ ಅವಳ ಕಂಕುಳಲ್ಲೇ ಇತ್ತು.